ಉಲ್ಟಾ ಓದುವವರು

“ಮಸಿ ಕೈ ಆಕಡೆ ಇಡಲೇ ಸಾಬಾ. ಈ ಅಂಗಿಗೆ ಹತ್ತಿದ್ರ ನಿನ್ನ ಹೇಣ್ತಿ ಬಂದು ತೊಳೀತಾಳೇನು, ಹಲ್ಕಟ್ ಸೂಳೇಮಗನ.”

ಅರ್ಜುನ ಸರ್ ಅಷ್ಟು ಅಂದು ತಮ್ಮ ಬಿಳಿ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿಕೊಂಡರು. ಮಸಿ ಹತ್ತಿರಲಿಲ್ಲ. ಹತ್ತಿಲ್ಲವೆಂದು ಖಾತ್ರಿಯಾದ ಮೇಲೂ ಇನ್ನೊಂದು ಸಲ ಬೈದರು. ಬಾಯಿಗೆ ಬಂದ ಬೈಗುಳವನ್ನು ನುಂಗಿ ಅವರಿಗೆ ಅಭ್ಯಾಸವಿರಲಿಲ್ಲ. ರಹಮಾನಸಾಬ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ನಾಲ್ಕು ಹೆಜ್ಜೆ ಆಚೆ ಅವನ ಮಗಳು ಅಸ್ಮಾ ಮರದ ಹಲಗೆಯ ಮೇಲೆ ಬಗ್ಗಿ ಉಳಿ ಒತ್ತುತ್ತಿದ್ದಳು. ಅಪ್ಪ ಬೈಸಿಕೊಳ್ಳುವುದನ್ನು ಕೇಳುತ್ತ ಕೆತ್ತುವುದು ಎರಡು ವರ್ಷದಿಂದ ಅವಳಿಗೆ ರೂಢಿಯಾಗಿತ್ತು.

ಧಾರವಾಡದಿಂದ ಬೇರೆಯಾಗಿ ಗದಗು ಹೊಸ ಜಿಲ್ಲೆಯಾದ ಮರುವರ್ಷದ ಮಾತು. ಬೆಟಗೇರಿಯ ಕ್ರಿಶ್ಚಿಯನ್ ಕಾಲೇಜೊಂದರಲ್ಲಿ ರೇಖಾಚಿತ್ರ, ವರ್ಣಚಿತ್ರ, ಅಚ್ಚುಕಲೆ ಕಲಿಸುತ್ತಿದ್ದರು. ಅಸ್ಮಾ ಕೊನೆಯ ವರ್ಷದಲ್ಲಿದ್ದಳು. ರಹಮಾನಸಾಬ ಮೂಲತಃ ಮುಳಗುಂದದವ, ಗದಗಿನ ಛಾಪಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಅಕ್ಷರದ ಮೊಳೆ ಜೋಡಿಸಿದವ. ಕಂಪ್ಯೂಟರ್ ಬಂತು. ಮಾಲೀಕ ಸೀಸದ ಮೊಳೆಗಳನ್ನೆಲ್ಲ ಚೀಲಕ್ಕೆ ತುಂಬಿ ಗುಜರಿಗೆ ತೂಗಿದ, ಜೋಡಿಸುವವನನ್ನು ತೂಗದೆಯೇ ಹೊರಗೆ ಹಾಕಿದ. ಕಾಲೇಜಿನವರು ಅಚ್ಚಿನ ಯಂತ್ರ ನೋಡಿಕೊಳ್ಳಲು ಅವನನ್ನು ದಿನಗೂಲಿಗೆ ಇಟ್ಟುಕೊಂಡರು. ಮಸಿ ಹದ ಮಾಡುವವನು ಅವನು, ಹಾಳೆ ನೆನೆಸುವವನು ಅವನು, ಚಕ್ರ ತಿರುವುವವನು ಅವನು. ಅಚ್ಚಾದ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ರುಜು ಹಾಕುವವರು ಅಚ್ಚುಕಲೆ ಕಲಿಸುವ ಅರ್ಜುನ ಸರ್. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಅಂತ ಗಾದೆ ಹೇಳುವುದಿಲ್ಲ.

ಈಗ ಕೆತ್ತುತ್ತಿದ್ದುದು ಜಿಲ್ಲಾ ಕಚೇರಿಯ ಗೋಡೆಗೆ ಹೋಗುವ ಚಿತ್ರ. ಮಗ್ಗದ ಮುಂದೆ ಬಗ್ಗಿ ಕೂತ ಬೆಟಗೇರಿಯ ನೇಕಾರ್ತಿ, ಅವಳ ಮುಂದೆ ಅರ್ಧ ನೇಯ್ದ ಸೀರೆ, ಸೀರೆಗೆ ಅಗಲವಾದ ಅಂಚು. ಅಸ್ಮಾ ತನ್ನ ಓಣಿಯ ಮುತ್ತವ್ವನ ಮಗ್ಗದ ಮುಂದೆ ಒಂದು ತಿಂಗಳು ಕೂತು ಗೆರೆ ಎಳೆದಿದ್ದಳು, ಮೂರು ತಿಂಗಳು ಕೆತ್ತಿದ್ದಳು. ಬಲಗೈಯ ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಜಡ್ಡುಗಟ್ಟಿತ್ತು. ಚಿತ್ರ ಒಪ್ಪಿಸುವ ಸಮಾರಂಭದ ಆಮಂತ್ರಣ ಪತ್ರಿಕೆ ಬಂದಾಗ ಅದರಲ್ಲಿ ‘ಕಲಾವಿದ: ಅರ್ಜುನ’ ಎಂದಷ್ಟೇ ಇತ್ತು. ತನ್ನ ಹೆಸರು ಎಲ್ಲಿ ಎಂದು ಕೇಳಲು ಹೋದಳು. ಸರ್ ನಕ್ಕರು.

“ಗೌಂಡಿ ಮನಿ ಕಟ್ಟತಾನ. ಮನೀಗೆ ಗೌಂಡಿ ಹೆಸರು ಇಡತಾರೇನ? ನಿನ್ನ ಮಾರ್ಕ್ಸ್ ಯಾರ ಕೈಯಾಗ ಅದಾವು ನೆನಪೈತಿಲ್ಲೊ? ಫೇಲ್ ಮಾಡಿದ್ರ ನಿಮ್ಮಪ್ಪನ ಜೋಡಿ ಮಸಿ ತಿಕ್ಕೋತ ಕುಂಡ್ರಬೇಕಾಕ್ಕೈತಿ.”

ಮನೆಯಲ್ಲಿ ಅಪ್ಪನೂ ಅದನ್ನೇ ಹೇಳಿದ, ಸ್ವಲ್ಪ ಮೆತ್ತಗೆ. ಡಿಗ್ರಿ ಕೈಗೆ ಬರುವ ತನಕ ಬಾಯಿ ಹೊಲಿದುಕೊಂಡಿರು, ನನ್ನ ಕೂಲಿಯೂ ಆ ಮನುಷ್ಯನ ನಾಲಿಗೆಯ ಮೇಲೇ ಇದೆ ಅಂದ. ಊರಮಂದಿಯ ಲಗ್ನಪತ್ರಿಕೆ ಸಾವಿರಗಟ್ಟಲೆ ಜೋಡಿಸಿದ್ದೇನೆ, ನನ್ನ ಹೆಸರು ಒಂದರಲ್ಲೂ ಬರಲಿಲ್ಲ, ಅದಕ್ಕೇನು ಸತ್ತೆನಾ ಅಂತಲೂ ಕೇಳಿದ. ಅಪ್ಪನ ಮೇಲೂ ಅಸ್ಮಾಳಿಗೆ ಆ ಹೊತ್ತು ಸಿಟ್ಟು ಬಂದಿತ್ತು.

ಸಮಾರಂಭಕ್ಕೆ ಎರಡು ದಿನ ಉಳಿದಿರುವಾಗ ಪರೀಕ್ಷೆಗೆಂದು ಒಂದು ಅಚ್ಚು ತೆಗೆದರು. ಸರ್ ದೂರ ನಿಂತು, ಹತ್ತಿರ ಬಂದು, ಕತ್ತು ವಾಲಿಸಿ ನೋಡಿ, ಸೀರೆಯ ಅಂಚು ಬರೀ ಕರ್ರಗೆ ಬೋಳಾಗಿದೆ, ಏನಾದರೂ ಬಳ್ಳಿಗಿಳ್ಳಿ ಕೆತ್ತು ಅಂದರು. ಆಗಲಿ ಸರ್ ಅಂದಳು ಅಸ್ಮಾ.

ಅವಳು ಅಕ್ಷರ ಕಲಿತದ್ದು ಛಾಪಖಾನೆಯಲ್ಲಿ. ಅಪ್ಪನಿಗೆ ಬುತ್ತಿ ಒಯ್ದಾಗ ಮೊಳೆಗಳನ್ನು ಆರಿಸಿ ಆಡುತ್ತಿದ್ದಳು. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಒಂದನೆಯ ಇಯತ್ತೆಯಲ್ಲಿ ಪಾಟಿಯ ತುಂಬ ಅಆಇಈ ಉಲ್ಟಾ ಬರೆದು, ಮಾಸ್ತರರಿಂದ ಬೆರಳ ಗಂಟಿನ ಮೇಲೆ ಏಟು ತಿಂದಿದ್ದಳು. ಆ ಏಟು ತಿಂದ ಕೈ ಈಗ ಎರಡು ದಿನ ಅಂಚಿನ ಮೇಲೆ ಓಡಾಡಿತು. ಕನ್ನಡದ ಅಕ್ಷರ ಮೊದಲೇ ದುಂಡಗೆ. ಉಲ್ಟಾ ಮಾಡಿ ಒತ್ತಾಗಿ ಕೆತ್ತಿದರೆ ಬಳ್ಳಿಯೇ. ಸರ್ ಬಂದರು, ಹಲಗೆಯ ಮೇಲೆ ಬಗ್ಗಿ ನೋಡಿದರು, ಬಳ್ಳಿ ಚಲೋ ಬಂದಿದೆ ಅಂದರು. ಹನ್ನೊಂದು ವರ್ಷ ಅಚ್ಚುಕಲೆ ಕಲಿಸಿದವರಿಗೆ ಹಲಗೆ ಓದಲು ಬರುತ್ತಿರಲಿಲ್ಲ.

ಓದಬಲ್ಲವನು ಇನ್ನೊಬ್ಬನಿದ್ದ. ಅಸ್ಮಾಳಿಗೆ ಹೆದರಿಕೆ ಇದ್ದದ್ದು ಅವನದೇ. ಅಪ್ಪನ ಕಣ್ಣಿಗೆ ಬೀಳದ ಹಾಗೆ ಹಲಗೆಯ ಮೇಲೆ ಅರಿವೆ ಹೊದಿಸಿಟ್ಟಳು.

ಸಮಾರಂಭದ ದಿನ ಸಭಾಂಗಣಕ್ಕೇ ಯಂತ್ರ ತಂದಿಟ್ಟಿದ್ದರು. ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು ತಾವೇ ಚಕ್ರ ತಿರುವಿ ಮೊದಲ ಅಚ್ಚು ತೆಗೆಯುವುದು, ಮುಂದಿನ ಒಂಬತ್ತನ್ನು ಅಲ್ಲೇ ತೆಗೆದು ಗಣ್ಯರಿಗೆ ಕೊಡುವುದು ಎಂದು ಗೊತ್ತುಮಾಡಿದ್ದರು. ಪ್ರಿನ್ಸಿಪಾಲರು ಪ್ರಾರ್ಥನೆಗೆ ಎದ್ದರು. ಎಲ್ಲರೂ ಕಣ್ಣು ಮುಚ್ಚಿದರು.

“ಕರ್ತನೇ, ನಮ್ಮ ಅರ್ಜುನ ಅವರ ಕೈಗಳಿಗೆ ನೀನು ಕೊಟ್ಟ ವರಕ್ಕಾಗಿ ಸ್ತೋತ್ರ.”

ಆ ಕೈಗಳು ಹೊಸ ಬಿಳಿ ಅಂಗಿಯ ಮುಂದೆ ಜೋಡಿಕೊಂಡಿದ್ದವು. ಅದೇ ಹೊತ್ತಿಗೆ ರಹಮಾನಸಾಬ ಹಲಗೆಗೆ ಮಸಿ ಹಚ್ಚುತ್ತಿದ್ದ. ಅಸ್ಮಾ ಕಣ್ಣು ಮುಚ್ಚಿರಲಿಲ್ಲ. ರೋಲರು ಅಂಚಿಗೆ ಬಂತು, ನಿಂತಿತು. ಅಪ್ಪನ ಕಣ್ಣು ಬಲದಿಂದ ಎಡಕ್ಕೆ ಸರಿಯಿತು. ಬಲದಿಂದ ಎಡಕ್ಕೆ ಓದುವುದು ಅವರ ಮನೆಗೆ ಹೊಸದಲ್ಲ.

ಅವನ ಎಡಗೈಯಲ್ಲಿ ಒರೆಸುವ ಅರಿವೆ ಇತ್ತು. ಅಂಚಿನ ಮೇಲೆ ಒಂದು ಸಲ ಎಳೆದರೆ ಸಾಕು, ಅಲ್ಲಿ ಏನೂ ಮೂಡುತ್ತಿರಲಿಲ್ಲ. ಅವನು ಮಗಳನ್ನು ನೋಡಿದ. ಅಪ್ಪಾ ಒರೆಸಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು, ಒರೆಸಿದರೆ ಇನ್ನು ಜನ್ಮದಲ್ಲಿ ಅವನ ಮುಖ ನೋಡಲಾರೆ ಅನ್ನಿಸಿತು. ರಹಮಾನಸಾಬ ಅರಿವೆಯನ್ನು ಹೆಗಲ ಮೇಲೆ ಹಾಕಿಕೊಂಡ. ರೋಲರನ್ನು ಮತ್ತೆ ಮಸಿಯಲ್ಲಿ ಹೊರಳಿಸಿ ಅಂಚಿಗೆ ಎರಡನೆಯ ಕೈ ಹಚ್ಚಿದ.

ಆಮೆನ್ ಎಂದರು. ಸಾಹೇಬರು ಚಕ್ರ ತಿರುವಿದರು. ಚಪ್ಪಾಳೆಯ ನಡುವೆ ಹಾಳೆ ಎತ್ತಿ ಜನರಿಗೆ ತೋರಿಸಿ, ತಮ್ಮ ಕಡೆ ತಿರುಗಿಸಿಕೊಂಡರು.

“ಅಂಚಿನಲ್ಲಿ ಏನೋ ಬರೆದಿದ್ದೀರಲ್ಲ,” ಎಂದು ಮೆಚ್ಚಿಕೊಂಡು ಮೈಕಿನಲ್ಲೇ ಓದತೊಡಗಿದರು. “ಕೆತ್ತಿದಾಕಿ ಅಸ್ಮಾ. ಅಚ್ಚು ಹಾಕಿದಾತ ರಹಮಾನಸಾಬ. ಅರ್ಜುನ ಸರ್ ಉಳಿ ಮುಟ್ಟಿಲ್ಲ.”

ಓದಿದ ಮೇಲೆ ಅವರಿಗೆ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗರು ಕಿಸಕ್ಕೆಂದರು.

ಅರ್ಜುನ ಸರ್ ಧಾವಿಸಿ ಬಂದು ಹಾಳೆ ಕಿತ್ತುಕೊಂಡರು. ಎರಡಾಗಿ ಹರಿದರು, ನಾಲ್ಕಾಗಿ ಹರಿದರು. ಹಸಿ ಮಸಿ ಅಂಗೈಗೆ ಮೆತ್ತಿತು, ಅಂಗಿಯ ಎದೆಗೆ ಹತ್ತಿತು. “ನಿನ್ನ ಡಿಗ್ರಿ ಹೋತಲೇ ರಂಡೆ,” ಅಂದರು ಅಸ್ಮಾಳಿಗೆ. “ನಾಳಿಯಿಂದ ಗೇಟಿನಾಗ ಕಾಲಿಟ್ರ ಕಾಲ ಮುರೀತೀನಿ,” ಅಂದರು ರಹಮಾನಸಾಬನಿಗೆ. ಎರಡೂ ಮೈಕಿನಲ್ಲಿ ಕೇಳಿತು. ಅಂದದ್ದನ್ನು ಮಾಡುವ ಮನುಷ್ಯ ಎಂದು ಅಪ್ಪ, ಮಗಳು ಇಬ್ಬರಿಗೂ ಗೊತ್ತಿತ್ತು.

ರಹಮಾನಸಾಬ ಅಷ್ಟರಲ್ಲಿ ಹಲಗೆಗೆ ಮತ್ತೆ ಮಸಿ ಹಚ್ಚಿ ಮುಗಿಸಿದ್ದ. ನೆನೆದ ಹಾಳೆಯೊಂದನ್ನು ಎರಡು ತುದಿ ಹಿಡಿದು ನೀಟಾಗಿ ಅದರ ಮೇಲೆ ಹಾಸಿದ.

“ಹತ್ತು ತೆಗೀಬೇಕು ಅಂದಿದ್ರಲ್ರಿ ಸರ್. ಇನ್ನ ಒಂಬತ್ತು ಅದಾವು,” ಅಂದ. ಆಮೇಲೆ ಮಗಳ ಕಡೆ ತಿರುಗಿದ. “ಬಾ ಬೇಟಿ, ತಿರುವು.”

ಅಸ್ಮಾ ಹೋಗಿ ಚಕ್ರಕ್ಕೆ ಕೈ ಹಾಕಿದಳು.