ಗೇರಿನಲ್ಲಿ ನಿಂತ ಗಾಡಿ

ಸುಟ್ಟ ವೈರಿನ ವಾಸನೆ, ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಅಂಗೈಯಿಂದ ಹೋಗಿಲ್ಲ, ಬಸ್ಸಿನ ಕಿಟಕಿಯಿಂದ ಬರುವ ಬಿಸಿಗಾಳಿ ಅದನ್ನೇ ತಿರುಗಿಸಿ ಮೂಗಿಗೆ ತರುತ್ತದೆ — ಬರಲಿ, ಕೆಲಸ ಛಲೋ ಆಗಿದೆ, ಅದರಲ್ಲಿ ಎರಡು ಮಾತಿಲ್ಲ, ಬೀಳಗಿಯಿಂದ ಜಮಖಂಡಿಯವರೆಗೆ ಕಣ್ಣು ಮುಚ್ಚಿ ಕೂಡಬಹುದು ಎಂದುಕೊಂಡ ಮಾಂತೇಶನಿಗೆ ಕಣ್ಣು ಮುಚ್ಚಿದರೂ ಆ ಕಾರಿನ ವೈರುಗಳೇ ಕಾಣುತ್ತವೆ, ಹಸಿರು, ಕೆಂಪು, ಬಿಳಿಯ ಮೇಲೆ ಕರಿ ಗೆರೆ. ಗುಂಡಿ ಒತ್ತಿದರೆ ಚಾಲೂ ಆಗುವ ಕಾರಿಗೆ ದೂರದಿಂದ ಚಾಲೂ ಮಾಡುವ ರಿಮೋಟ್ ಕೂರಿಸುವುದೆಂದರೆ ಕಾರಿಗೆ ಸುಳ್ಳು ಹೇಳುವುದು, ಅಷ್ಟೇ. ಕೀಲಿ ಇಟ್ಟುಕೊಂಡವರು ಒಳಗೆ ಕೂತಿದ್ದಾರೆ ಎಂದು ಒಂದು ಸುಳ್ಳು, ಅದಕ್ಕೆ ಎರಡನೆಯ ಕೀಲಿಯನ್ನು ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿ ಅಡಗಿಸಿಡಬೇಕು. ಕ್ಲಚ್ ತುಳಿದಿದ್ದಾರೆ ಎಂದು ಇನ್ನೊಂದು, ಅದಕ್ಕೆ ಕ್ಲಚ್ಚಿನ ವೈರು ಸೀಳಿ ಬೇರೆ ಎಳೆ ಸೇರಿಸಬೇಕು. ಎಳೆ ಸೇರಿಸುವುದು ಹುಟ್ಟಿನಿಂದ ಬಂದ ವಿದ್ಯೆ, ಬನಹಟ್ಟಿಯಲ್ಲಿ ಅಪ್ಪ ಕರೆಪ್ಪ ಮಗ್ಗದ ಮೇಲೆ ಹರಿದ ಎಳೆಗೆ ನೋಡದೆಯೇ ಗಂಟು ಹಾಕುತ್ತಿದ್ದ, ಗಂಟು ಕೈಗಿ ಹತ್ತಬಾರದಪಾ, ಸೀರಿ ಉಟ್ಟಾಕಿಗಿ ಗೊತ್ತಾಗಬಾರದು ಎನ್ನುತ್ತಿದ್ದ. ಗೊತ್ತಾಗುವುದಿಲ್ಲ ಅಪ್ಪಾ, ಕಾರಿಗೂ ಗೊತ್ತಾಗುವುದಿಲ್ಲ, ಯಾರೂ ಇಲ್ಲದ ಸೀಟಿನಲ್ಲಿ ಯಾರೋ ಇದ್ದಾರೆಂದು ನಂಬಿ ಪಾಪ ಗುರ್ ಎನ್ನುತ್ತದೆ.

ಬೀಳಗಿ ಬಳಿಯ ಹಳ್ಳಿಯ ಗಿರಮಲ್ಲಪ್ಪನವರು ತಮ್ಮ ಕಾರಿಗೆ ಇದನ್ನು ಹಾಕಿಸಿದ್ದು ಶೋಕಿಗಲ್ಲ. ಹೆಂಡತಿ ಮಾಯವ್ವನಿಗೆ ಕಿಡ್ನಿ ಸೋತಿದೆ, ವಾರಕ್ಕೆ ಎರಡು ಸಲ ಬಾಗಲಕೋಟೆ ಆಸ್ಪತ್ರೆ, ಬಿಸಿಲಲ್ಲಿ ಕಾದ ಕಾರಿನೊಳಗೆ ಕಾಲಿಟ್ಟರೆ ಆಕೆಗೆ ತಲೆ ತಿರುಗುತ್ತದೆ, ಅದಕ್ಕೇ ಕಟ್ಟೆಯ ಮೇಲೆ ಕೂತು ಗುಂಡಿ ಒತ್ತಿ, ಏಸಿ ಹಚ್ಚಿ, ಗಾಡಿ ತಣ್ಣಗಾದ ಮೇಲೆ ಆಕೆಯನ್ನು ಕೈಹಿಡಿದು ಒಳಗೆ ಕೂಡಿಸಬೇಕು — ಮುದುಕ ಇದನ್ನೆಲ್ಲ ಹೇಳುವಾಗ ಮಾಂತೇಶನಿಗೆ ಹೊಟ್ಟೆಕಿಚ್ಚಾಯಿತು, ಖರೆ ಹೇಳಬೇಕೆಂದರೆ ಹೊಟ್ಟೆಕಿಚ್ಚೇ, ತನಗೂ ವಯಸ್ಸು ನಲವತ್ತೊಂದಾಯಿತು, ತನಗೆ ಬಿಸಿಲು ಬಡಿದರೆ ಕೇಳುವವರು ಯಾರು. ಆಮೇಲೆ ಆ ಮನೆಯಲ್ಲಿ ಹೂರಣದ ವಾಸನೆ ಎದ್ದಿತು. ಹೊಸದೇನು ಬಂದರೂ ಮೊದಲು ಮನೆದೇವರು ಬೀರಪ್ಪನ ಭಂಡಾರದ ಅರಿಶಿಣ ಬೀಳಬೇಕು, ಗಾಲಿಗೆ ಲಿಂಬೆಹಣ್ಣು ಇಡಬೇಕು, ಮಾಯವ್ವ ಗಾಡಿಯ ಮುಂದೆ ನಿಂತು ಆರತಿ ಎತ್ತಬೇಕು, ಎತ್ತಿದ ಕೂಡಲೇ ಗಿರಮಲ್ಲಪ್ಪ ಕಟ್ಟೆಯಿಂದ ರಿಮೋಟ್ ಒತ್ತಬೇಕು, ಓಣಿಯವರೆಲ್ಲ ನೋಡಬೇಕು. ಒಂದಕ್ಕ ಪೂಜಿ ಐತ್ರೀ, ಹೋಳಿಗಿ ಉಂಡ ಹೋಗ್ರಿ ಎಂದಳು ಮಾಯವ್ವ. ಇಲ್ರೀ ಅವ್ವಾರ, ಮನ್ಯಾಗ ಹೆಂಡ್ತಿ ಮಗಳು ಉಣ್ಣದ ಕಾಯಾಕತ್ತಾರ್ರೀ. ಸುಳ್ಳು. ಜಮಖಂಡಿಯ ಅಂಗಡಿ ಹಿಂದಿನ ಖೋಲಿಯಲ್ಲಿ ಕಾಯುವುದು ಒಂದು ಸ್ಟೋವು, ಒಂದು ಚಾಪೆ. ಮಂದಿಯ ಮನೆಯ ಪಂಕ್ತಿಯಲ್ಲಿ ಕೂತು ಉಂಡರೆ ಆಮೇಲೆ ನಾಲ್ಕು ದಿನ ಆ ಖೋಲಿ ಮೈಮೇಲೆ ಬರುತ್ತದೆ, ಅದಕ್ಕೇ ಎಲ್ಲ ಕಡೆ ಇದೇ ಸುಳ್ಳು, ಐದು ವರ್ಷದಿಂದ. ಮಗಳ ಹೆಸರೇನ್ರೀ ಎಂದರೆ ಸತ್ತ ಅವ್ವನ ಹೆಸರು ಬಾಯಿಗೆ ಬರುತ್ತದೆ, ಶೇವಂತಿ, ಮಾಯವ್ವನಿಗೂ ಅದನ್ನೇ ಹೇಳಿ ಬಂದ. ಮೊದಲ ಸಲ ಹೇಳಿದಾಗ ಒಂದನೇ ಇಯತ್ತೆಯಲ್ಲಿದ್ದಳು, ವರ್ಷ ತಪ್ಪದೆ ಪಾಸು ಮಾಡಿಸುತ್ತ ಬಂದಿದ್ದಾನೆ, ಈಗ ಐದನೇ ಇಯತ್ತೆ, ಎರಡು ಜಡೆ, ನೀಲಿ ಸ್ಕರ್ಟು, ಗಣಿತದಲ್ಲಿ ಸ್ವಲ್ಪ ಕಚ್ಚಾ. ನಗು ಬರುತ್ತದೆ, ನಕ್ಕರೆ ಪಕ್ಕದ ಸೀಟಿನವನು ಏನೆಂದುಕೊಂಡಾನು.

ಬಸ್ಸು ನಿಂತಿತು, ಯಾವುದೋ ಕ್ರಾಸು, ಚಾದಂಗಡಿ, ರಸ್ತೆ ಇಳುಕಲಾಗಿದೆ. ಡ್ರೈವರ್ ಎಂಜಿನ್ ಬಂದ್ ಮಾಡಿ ಗೇರಿನ ದಂಡವನ್ನು ಅಂಗೈಯಿಂದ ಒಂದು ಸಲ ಮುಂದೆ ದಬ್ಬಿ, ಗಾಡಿ ಉರುಳದಂತೆ ಗೇರಿನಲ್ಲಿ ಬಿಟ್ಟು ಇಳಿದುಹೋದ, ಕಂಡಕ್ಟರ್ ಗಾಲಿಗೆ ಕಲ್ಲು ಕೊಟ್ಟ — ಎಲ್ಲರೂ ಮಾಡುವುದೇ, ಕೈ ತಾನಾಗಿ ಮಾಡುತ್ತದೆ, ಟ್ರ್ಯಾಕ್ಟರ್ ಆಗಲಿ ಬಸ್ಸಾಗಲಿ, ಕೈ ತಾನಾಗಿ — ಮಾಂತೇಶ ತನ್ನ ಕೈ ನೋಡಿಕೊಂಡ. ಕೈ. ಅವನ ಎಡಗೈ. ಗಿರಮಲ್ಲಪ್ಪನವರ ಊರು ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ದಿಬ್ಬದಲ್ಲಿ ಕಟ್ಟಿದ ಊರು, ಅಂಗಳವೂ ಹೊಳೆಯ ಕಡೆಗೇ ಇಳಿಯುತ್ತದೆ, ಹ್ಯಾಂಡ್‌ಬ್ರೇಕ್ ನಂಬಿದಾಂವ ಹೊಳ್ಯಾಗ ಗಾಡಿ ಹುಡುಕ್ಯಾನ ಎಂದು ಅಲ್ಲಿ ಚೇಷ್ಟೆ ಮಾಡುತ್ತಾರೆ. ಮೂರು ಸಲ ಹೇಳಿದ್ದ, ಯಜಮಾನ್ರ, ಈ ರಿಮೋಟಿನ ಪೆಟಿಗಿಗಿ ಗೇರ ಕಾಣೂದಿಲ್ಲರಿ, ನ್ಯೂಟ್ರಲ್‌ನ್ಯಾಗ ಬಿಡ್ರಿ, ಗಾಲಿಗಿ ಕಲ್ಲ ಕೊಡ್ರಿ, ಗೇರನ್ಯಾಗಿದ್ರ ಗಾಡಿ ಜಿಗೀತೈತಿ, ಮುಂದ ಯಾರಿದ್ರೂ ನೋಡೂದಿಲ್ಲ. ಮುದುಕ ಮೂರು ಸಲವೂ ತಲೆಯಾಡಿಸಿದ. ಆಮೇಲೆ ಪೂಜೆಗೆಂದು ಕಾರನ್ನು ಬೇವಿನ ಗಿಡದ ಕೆಳಗಿನಿಂದ ಬಾಗಿಲ ಮುಂದೆ ತಂದದ್ದು ಇವನೇ, ಏರಿಗೆ ಮೂತಿ, ಅದೇ ಮುದುಕ ಕಟ್ಟೆಯಿಂದ ಕೂಗಿದ, ಗೇರನ್ಯಾಗ ನಿಂದರಸ್ರೀ, ಇಳಕಲ ಐತಿ! ಹೂಂ ಎಂದು ಇವನು ಫಸ್ಟಿಗೆ ಹಾಕಿ ಇಳಿದ. ಕಲ್ಲು ಕೊಟ್ಟದ್ದು ಹಿಂದಿನ ಗಾಲಿಗೆ, ಹಿಂದೆ, ಮುಂದೆ ಏನೂ ಇಲ್ಲ, ಮುಂದೆ ಮಾಯವ್ವ, ತಟ್ಟೆ ಹಿಡಿದ ಬತ್ತಿದ ಕೈ. ಇಬ್ಬರಿಗೂ ತಿಳಿಯಲಿಲ್ಲ, ಹೇಳಿದವನಿಗೂ ಕೇಳಿದವನಿಗೂ. ಹೋಳಿಗೆಗೆ ಹೆದರಿ ಓಡಿ ಬಂದೆಯಲ್ಲೋ, ಒಂದು ತಾಸು ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು.

ಗಂಟೆ ಒಂದಾಗಲು ಐದು ನಿಮಿಷ. ಗಿರಮಲ್ಲಪ್ಪನ ನಂಬರು ರಿಂಗಾಗುತ್ತದೆ, ಆಗುತ್ತಲೇ ಇದೆ, ನಿಂತಿತು. ಮತ್ತೆ. ಮುದುಕ ಫೋನನ್ನು ಕಾರಿನೊಳಗೇ ಚಾರ್ಜಿಗೆ ಹಾಕಿದ್ದನಲ್ಲ, ಇವನೇ ವೈರು ತೋರಿಸಿದ್ದ, ಬಾಗಿಲು ಮುಚ್ಚಿದ ಕಾರಿನಲ್ಲಿ ಅದು ಬಡಿದುಕೊಳ್ಳುತ್ತಿದೆ. ಬಸ್ಸಿನಿಂದ ಇಳಿದ, ಚೀಲ ಒಳಗೇ ಉಳಿಯಿತು, ಉಳಿಯಲಿ, ಬೀಳಗಿ ಕಡೆಗೆ ಓಡಿದ, ಹದಿನೈದು ಕಿಲೋಮೀಟರು ಯಾರಾದರೂ ಓಡುತ್ತಾರೆಯೇ, ಎದುರಿಗೆ ಬಂದ ಮೋಟಾರ್ ಸೈಕಲ್ಲಿಗೆ ಕೈ ಮಾಡಿದ, ಅದು ನಿಲ್ಲಲಿಲ್ಲ. ಬೇರೆ ಯಾರಿಗೆ ಫೋನು ಮಾಡಲಿ, ಫೋನಿನಲ್ಲಿ ಮುನ್ನೂರು ಹೆಸರಿವೆ, ಸ್ವಿಫ್ಟ್ ಮುಧೋಳ, ಬೊಲೆರೋ ಮಹಾಲಿಂಗಪುರ, ಏಸಿ ಕೆಟ್ಟ ವ್ಯಾನ್ — ಗಾಡಿಗಳೇ, ಮನುಷ್ಯರ ಹೆಸರು ಒಂದೂ ಇಲ್ಲ, ಹೆದರಿಕಿ ಆಗೈತಿ ನನಗ ಎಂದು ಹೇಳಿಕೊಳ್ಳಲು ಒಂದು ಹೆಸರಿಲ್ಲ. ಒಂದು ದಾಟಿ ಮೂರು ನಿಮಿಷ. ಈಗ ಭಂಡಾರ ಎರಚಿರುತ್ತಾರೆ, ಈಗ ಆಕೆ ಮುಂದೆ ಬಂದು ನಿಂತಿರುತ್ತಾಳೆ, ಬಂಪರಿಗೂ ಸೀರೆಯ ನೆರಿಗೆಗೂ ಒಂದು ಗೇಣು, ತಟ್ಟೆ ಹಿಡಿದ ಬತ್ತಿದ ಕೈ, ಹಿಂದೆ ಗೋಡೆ. ಬೀರಪ್ಪಾ, ಆಕೀನ್ನ ಸರಸು, ನನ್ನ ಏನರ ಮಾಡು, ಆಕೀನ್ನ ಸರಸು. ರಿಂಗು. ರಿಂಗು.

ಹಲೋ, ಯಾರ್ರೀ? ಹೆಣ್ಣುದನಿ, ಸೊಸೆ ಭಾಗ್ಯಾ. ಮಾವಾರ ಫೋನ್ ಗಾಡ್ಯಾಗ ಐತ್ರೀ, ಸ್ಟೇರಿಂಗಿಗಿ ಹೂವಿನ ಸರ ಹಾಕಾಕ ಬಂದಿದ್ನಿ. ಅವ್ವಾರ ಎಲ್ಲದಾರ್ರೀ, ಅವ್ವಾರು! ಅತ್ತಿ? ಇನ್ನಾ ಅಡಗಿಮನ್ಯಾಗ ಅದಾರ್ರೀ, ಯಾಕ? ರಿಮೋಟ ಮುಟ್ಟಬ್ಯಾಡಂತ ಹೇಳ್ರಿ ಯಜಮಾನ್ರಿಗಿ, ಗಾಡಿ ಗೇರನ್ಯಾಗೈತಿ, ನೀವೂ ಇಳೀರಿ, ಇಳೀರಿ ಮೊದಲ. ಆಕೆ ಇಳಿದ ಸಪ್ಪಳ, ಮಾವಾರ ರಿಮೋಟ ಕೆಳಗ ಇಡ್ರಿ ಎಂದು ಕೂಗಿದ ಸಪ್ಪಳ, ಮುದುಕ ಅಯ್ಯ ನನ್ನ ಎಂದದ್ದು, ಬಾಗಿಲು ತೆಗೆದು ಗೇರು ಕಳಚಿದ್ದು — ಮಾಂತೇಶ ರಸ್ತೆ ಬದಿಯ ಜಾಲಿಗಿಡದ ಬುಡದಲ್ಲಿ ಕುಕ್ಕರಿಸಿದ, ಅಳು ಬಂದೇ ಬಿಟ್ಟಿತು. ನಿಮ್ಮ ಮಗಳದ ಪುಣ್ಯಾ ನೋಡ್ರಿ, ಎನ್ನುತ್ತಿದ್ದಾಳೆ ಭಾಗ್ಯಾ, ಆಗಳೇ ಆರತಿ ಆಗಿ ಹೋಗ್ತಿತ್ತು, ಕೂಸು ಉಣ್ಣದ ಕುಂತೈತಿ, ಮೊದಲ ಅದಕ್ಕ ಹೋಳಿಗಿ ಕಟ್ಟತೇನಿ, ನಾಳಿ ಜಮಖಂಡಿಗಿ ಕೊಟ್ಟ ಕಳಸೂನು ಅಂತ ಅತ್ತಿ ಒಳಗ ಹೋದ್ರು, ಅದಕ್ಕ ತಡಾ ಆತು. ಹಲೋ? ಈಗ ಬಳಿ ತಗದ ಇಡಾಕತ್ತಾರ ನೋಡ್ರಿ ಶೇವಂತಿಗಂತ, ಹಸರು ಬಳಿ — ತಡೀರಿ, ಅತ್ತಿ ಏನೋ ಕೇಳಾಕತ್ತಾರ — ಕೈ ಎಷ್ಟ ದಪ್ಪ ಅದಾವ್ರೀ ಆಕೀವು? ಕೈ. ಎರಡು ಜಡೆ ಇವೆ, ನೀಲಿ ಸ್ಕರ್ಟಿದೆ, ಗಣಿತದ ಪುಸ್ತಕವಿದೆ, ಕೈ ಯಾವತ್ತೂ ನೋಡಿಲ್ಲ, ಐದು ವರ್ಷದಲ್ಲಿ ಒಂದು ಸಲವೂ ಹಿಡಿದಿಲ್ಲ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಒಂದು ಸುತ್ತು ಮಾಡಿದ, ದೊಡ್ಡದಾಯಿತೇನೋ, ಬಿಗಿ ಮಾಡಿದ, ಇಲ್ಲ, ಚಿಕ್ಕದಾಯಿತು, ಸಡಿಲಿಸಿದ, ಹಲೋ, ಹೇಳ್ರೀ, ಎಷ್ಟ ದಪ್ಪ — ಸುತ್ತು, ಸುತ್ತಿನೊಳಗೆ ಬಿಸಿಲು, ಬರೀ ಬಿಸಿಲು, ಸುತ್ತು —