ಹೊರಗೆ ಬಿಟ್ಟ ನಾಲಿಗೆ

ನಮ್ಮ ಸ್ಟುಡಿಯೋದಲ್ಲಿ ಡಿಜಿಟಲ್ ಕೆಲಸ ನಂದು, ಫಿಲ್ಮು ಅಕ್ಕಂದು. ದಿನವಿಡೀ ನಿಂತು ಸೊಂಟ ಬಿದ್ದುಹೋಗಿದ್ದರೂ, ಕಾರ್ಡಿನಲ್ಲಿರೋದನ್ನ ಎರಡು ಡಿಸ್ಕಿಗೆ ಇಳಿಸದೆ ಅಳಿಸೋ ಹಾಗಿಲ್ಲ. ಅಕ್ಕ ಕಲಿಸಿದ ಬುದ್ಧಿ. ಫಿಲ್ಮಿಗೂ ಅವಳದೊಂದು ಕಾನೂನಿದೆ. ಡಬ್ಬಿಯಿಂದ ಇಣುಕೋ ಫಿಲ್ಮಿನ ತುದಿಗೆ ನಾವು ನಾಲಿಗೆ ಅಂತೀವಿ. ನಾಲಿಗೆ ಹೊರಗಿದ್ದರೆ ಹೊಸ ರೋಲು, ಒಳಗೆ ಹೋಗಿದ್ದರೆ ಫೋಟೋ ತೆಗೆದು ಮುಗಿದಿದೆ. ದೊಡ್ಡ ಸುರುಳಿಯಿಂದ ಫಿಲ್ಮು ಕತ್ತರಿಸಿ ಡಬ್ಬಿಗಳನ್ನ ನಾವೇ ತುಂಬಿಕೊಳ್ಳೋದರಿಂದ ಎಲ್ಲಾ ಒಂದೇ ಥರ, ಬೇರೆ ಗುರುತಿಲ್ಲ.

ಭಾವ ಬಸ್ ಡ್ರೈವರ್. ಹೋದ ವಾರ ರಿಟೈರ್ ಆದರು. ಕೊನೇ ದಿನ ಯೂನಿಫಾರ್ಮಿನಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದನ್ನ ಅಕ್ಕನೇ ಒಂದು ರೋಲು ತೆಗೆದಳು. ಈಗ ಯೂನಿಫಾರ್ಮು ವಾಪಸ್ ಕೊಟ್ಟಾಯ್ತು, ಬಸ್ಸು ಬೇರೆಯವರ ಕೈಗೆ ಹೋಯ್ತು. ಬೆಳಗೆದ್ದರೆ "ನನ್ನ ಫೋಟೋ ಬಂತಾ?" ಅಂತ ಒಂದೇ ರಾಗ. ಪಾಪ, ಇಷ್ಟು ವರ್ಷ ಜನಕ್ಕೆ ಕಂಡಿದ್ದು ಅವರ ಬೆನ್ನು ಮಾತ್ರ.

ಈ ಮಧ್ಯೆ ಪಿಂಗಾಣಿ ಅಂಗಡಿಯವನೊಬ್ಬ ನನಗೆ ಗಂಟುಬಿದ್ದ. ಕಪ್ಪು-ಬಸಿ ಫೋಟೋ ಫಿಲ್ಮಲ್ಲೇ ಬೇಕಂತೆ, ಡಿಜಿಟಲ್‌ನಲ್ಲಿ ಜೀವ ಇರಲ್ವಂತೆ. ಬಸಿಗೆ ಎಲ್ಲಿಯ ಜೀವ, ನನ್ನ ಕರ್ಮ! ಮೇಜಿನ ಮೇಲೆ ನಾಲಿಗೆ ಚಾಚಿಕೊಂಡು ಒಂದು ರೋಲು ಬಿದ್ದಿತ್ತು. ಕ್ಯಾಮೆರಾಗೆ ಹಾಕಿದೆ, ಅಂಗಡಿಯವನ ಕಪ್ಪು, ಬಸಿ, ಕೆಟಲುಗಳ ಫೋಟೋ ಎಲ್ಲಾ ತೆಗೆದೆ, ನಾಲಿಗೆ ಒಳಗೆ ಹೋಗೋ ಹಾಗೆ ಸುತ್ತಿ ಅಕ್ಕನಿಗೆ ಕೊಟ್ಟೆ.

ಇವತ್ತು ಡಾರ್ಕ್‌ರೂಮಿಗೆ ಹೋದ ಅಕ್ಕ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವಳು ಒದ್ದೆ ಫಿಲ್ಮನ್ನ ನನ್ನ ಕಡೆ ಚಾಚಿದಳು. ಕಿಟಕಿಗೆ ಹಿಡಿದು ನೋಡಿದರೆ ಸ್ಟೇರಿಂಗ್ ಹಿಂದೆ ಭಾವ, ಭಾವನ ಮುಖದ ಮೇಲೆ ಕೆಟಲು. ಒಂದಾದರೂ ನೆಟ್ಟಗಿದ್ದರೆ ಕೇಳಿ.

"ತೆಗೆದ ರೋಲಿನ ನಾಲಿಗೆ ಯಾಕೆ ಹೊರಗೆ ಬಿಟ್ಟೆ? ಕಾನೂನು ಮಾಡಿದೋಳು ನೀನೇ ತಾನೇ!" ಕೂಗಾಡಿಬಿಟ್ಟೆ. ನನಗೂ ಸಾಕುಸಾಕಾಗಿತ್ತು.

"ಒಳಗೆ ಹೋದ್ರೆ ಕತ್ತಲಲ್ಲಿ ಡಬ್ಬಿ ಮುಚ್ಚಳ ಮೀಟಬೇಕು ಕಣೇ. ನಾಲಿಗೆ ಇದ್ರೆ ಹಾಗೇ ಎಳ್ಕೋಬಹುದು," ಅಂದಳು ಅಕ್ಕ. "ಬೆರಳು ಮಡಚೋಕಾಗ್ತಿಲ್ಲ. ಬೇರೆ ಕಡೆ ಎತ್ತಿಡೋಣ ಅಂದ್ಕೊಂಡು ಮರೆತೆ."

"ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ಆ ರೂಮಿಗೆ ಬೀಗ ಹಾಕಿಸ್ತಿದ್ದೆ ನೀನು."

ನಿಜ, ಹಾಕಿಸುತ್ತಿದ್ದೆ.

ಅಷ್ಟರಲ್ಲಿ ಭಾವ ಬಂದರು. ಅಕ್ಕ ಏನೂ ಮುಚ್ಚಿಡದೆ ಹೇಳಿದಳು, ರೋಲು, ನಾಲಿಗೆ, ಬೆರಳು, ಎಲ್ಲಾ. ಭಾವ ಫಿಲ್ಮನ್ನ ಕಿಟಕಿಗೆ ಹಿಡಿದು ಈ ತುದಿಯಿಂದ ಆ ತುದಿವರೆಗೂ ನೋಡಿದರು. ಈಗ ಬೈತಾರೆ, ಈಗ ಅಳ್ತಾರೆ ಅಂತ ಕಾದೆ.

"ಬೆರಳು ಯಾವಾಗಿಂದ ಹೀಗೆ?" ಅಂದರು.

"ಆಯ್ತು ರೀ, ಒಂದೆರಡು ವರ್ಷ."

"ಮತ್ತೆ ನನ್ನ ಊಟದ ಡಬ್ಬಿ? ಅದರ ಮುಚ್ಚಳ ಬಲು ಬಿಗಿ. ದಿನಾ ಕಟ್ಟಿಕೊಡ್ತಿದ್ದೆಯಲ್ಲ?"

"ಮೊಣಕೈಯಲ್ಲಿ ಒತ್ತಿ ಮುಚ್ತಿದ್ದೆ," ಅಂದಳು ಅಕ್ಕ.

ಭಾವ ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತರು. ಫೋಟೋ ಮಾತು ಮತ್ತೆ ಎತ್ತಲೇ ಇಲ್ಲ.