ಅತಿಥಿಗಳ ದೋಣಿ

"ಮೂತಿ ಸರಿ ಮಾಡ್ಕೊಳ್ಳೋ ಬೋಳಿಮಗನೆ. ಅಷ್ಟು ದೂರದಿಂದ ಬಂದೋರು ನಿನ್ನ ಸೂತಕದ ಮುಖ ನೋಡಕ್ಕೆ ಬಂದಿಲ್ಲ."

ಪ್ರವಾಸಿಗಳ ಬಿಡಾರದ ಮ್ಯಾನೇಜರ್ ಗಿತೋಂಗಾ ಹೀಗೆ ಬೈದರೂ ಪರ್ಸಲೋಯ್ ತಲೆ ಎತ್ತಲಿಲ್ಲ. ಎಡಗೈಯಲ್ಲಿ ಸತ್ತ ಮೀನಿನ ಬಾಯಿ ಅಗಲಿಸಿ, ಬಲಗೈಯಿಂದ ಜೊಂಡಿನ ತಿರುಳನ್ನು ಅದರ ಗಂಟಲಿಗೆ ತುರುಕುತ್ತಿದ್ದ. ತಿರುಳು ತುಂಬಿದ ಮೀನು ಮುಳುಗುವುದಿಲ್ಲ. ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ದಂಡೆಯ ಮರದಿಂದ ಗಿಡುಗ ಇಳಿದು ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಆ ಒಂದು ಗಳಿಗೆಯ ಚಿತ್ರಕ್ಕಾಗಿ ಜನ ಸಮುದ್ರ ದಾಟಿ ಬರುತ್ತಾರೆ.

ಇವತ್ತಿನ ಮೀನು ಪೇಟೆಯಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದಿತ್ತು. ಊರಿನ ಬಲೆಗಳೆಲ್ಲ ಮೊನ್ನೆಯಿಂದ ಗಳದ ಮೇಲೆ ಒಣಗುತ್ತಿದ್ದವು. ನುಂಗಿದ ಮನುಷ್ಯನನ್ನು ಸರೋವರ ವಾಪಸು ಕೊಡುವ ತನಕ ಅವನ ಊರಿನವರು ಅದರಲ್ಲಿ ಮೀನು ಹಿಡಿಯುವುದಿಲ್ಲ.

"ಸಾಹೇಬ್ರೇ, ಇವತ್ತು ಮೂರ್ನೇ ದಿನ," ಎಂದ. "ಅಣ್ಣ ಮೇಲಕ್ಕೆ ಬರ್ತಾನೆ. ಎಂಜಿನ್ ದೋಣಿ ಒಂದೆರಡು ಗಂಟೆ ಕೊಟ್ಟಿದ್ರೆ..."

"ಮೊನ್ನೆನೂ ಅದೇ ರಾಗ, ನಿನ್ನೆನೂ ಅದೇ ರಾಗ." ಗಿತೋಂಗಾ ಷೂ ತುದಿಯಿಂದ ಮೀನಿನ ಬುಟ್ಟಿಯನ್ನು ಒದ್ದ. "ಅದು ಅತಿಥಿಗಳ ದೋಣಿ ಕಣಲೇ. ಹೆಣ ಹುಡುಕೋ ದೋಣಿ ಅಲ್ಲ. ನಿಮ್ಮ ಬೆಂಡಿನ ತೆಪ್ಪ ಇಲ್ವಾ?"

"ತೆಪ್ಪದಲ್ಲಿ ಹೋಗಿದ್ದಕ್ಕೇ ಅಲ್ವಾ ನೀರಾನೆ ಮಗುಚಿದ್ದು."

"ನಾನೇನು ನೀರಾನೆಗೆ ಹೇಳಿ ಕಳಿಸಿದ್ನಾ? ಆ ಕತ್ತಲೇಲಿ ಯಾವನು ಹೋಗು ಅಂದ?"

ಹಗಲು ಹೊತ್ತಿನಲ್ಲಿ ಬಲೆ ಬಿಡಬಾರದು, ಅತಿಥಿಗಳ ಚಿತ್ರದಲ್ಲಿ ನಿಮ್ಮ ಹರಕು ತೆಪ್ಪಗಳು ಬೀಳುತ್ತವೆ ಎಂದು ಎರಡು ವರ್ಷದ ಹಿಂದೆ ಕಟ್ಟಪ್ಪಣೆ ಮಾಡಿದವನು ಇದೇ ಗಿತೋಂಗಾ. ಅಂದಿನಿಂದ ಊರಿನವರು ಬೆಳಕು ಹರಿಯುವ ಮುಂಚೆ ನೀರಿಗಿಳಿಯುತ್ತಿದ್ದರು. ಮೇಯಲು ಹೋದ ನೀರಾನೆಗಳು ನೀರಿಗೆ ಮರಳುವ ಹೊತ್ತೂ ಅದೇ. ಪರ್ಸಲೋಯ್ ಇನ್ನೊಂದು ಮೀನು ಎತ್ತಿಕೊಂಡ.

ಬೇಲಿಯಾಚೆ ಅತ್ತಿಗೆ ನಸಿಯೆಕು ನಿಂತಿದ್ದಳು. ಊರಿನ ಹೆಂಗಸರು ಬಿಡಾರದ ಬೇಲಿ ದಾಟುವಂತಿರಲಿಲ್ಲ. ಅವನು ಜೊಂಡು ಕೊಯ್ಯುವ ನೆಪ ಮಾಡಿಕೊಂಡು ಹತ್ತಿರ ಹೋದ.

"ಏನಂದ ಆ ಹಾದರಕ್ಕುಟ್ಟಿದೋನು?"

"ಕೊಡಾಕಿಲ್ಲ ಅಂದ. ಆದ್ರೆ ಚುಕ್ಕಾಣಿ ನನ್ನ ಕೈಲೇ ಇರ್ತದಲ್ಲ ಅತ್ಗೆ. ಎರಡು ರಾತ್ರಿ ಪಡುವಲ ಗಾಳಿ ಬೀಸ್ತು. ಮೂಡ್ಲ ಕಡೆ ಜೊಂಡಿಗೆ ಬಂದಿರ್ತಾನೆ. ಅತಿಥಿಗೋಳ್ನ ಅಲ್ಲಿಗೇ ಕರ್ಕೊಂಡು ಹೋಯ್ತೀನಿ."

ನಸಿಯೆಕುವಿನ ಕಣ್ಣು ಒಣಗಿದ್ದವು. "ಮೊಸಳೆ ತಿಂದು ಬಿಟ್ಟಿದ್ದನ್ನ ತರಬ್ಯಾಡ ಮೈದುನ. ಇಡಿಯಾಗಿ ತಾ."

ಸಫಾರಿ ಗಾಡಿ ಬಂದು ನಿಂತಿತು. ನಾಲ್ಕು ದಿನದ ಕೆಂಧೂಳು ಅದರ ಮೈಮೇಲೆ ಪದರ ಪದರವಾಗಿ ಕೂತಿತ್ತು. ಇಂಡಿಯಾದಿಂದ ಬಂದ ಗಂಡ ಹೆಂಡತಿ ಇಳಿದರು. ಗಂಡನ ಎದೆಯ ಮೇಲೆ ಮೊಳದುದ್ದದ ಕ್ಯಾಮೆರಾ. ಹೆಂಡತಿಯ ಕೈಯಲ್ಲಿ ಪ್ರಾಣಿಗಳ ಪಟ್ಟಿ. ನೋಡಿದ್ದಕ್ಕೆಲ್ಲ ಗುರುತು ಹಾಕಿಕೊಂಡಿದ್ದಳು. ಅವರನ್ನು ಸುತ್ತಾಡಿಸುತ್ತಿದ್ದ ಡ್ರೈವರ್ ಒದೆರಾ ದೋಣಿ ಹತ್ತುತ್ತಲೇ ಪರ್ಸಲೋಯ್ ಕಿವಿಗೆ ಬಾಗಿದ.

"ಮಾರಾದಲ್ಲಿ ಸಿಂಹ ಆಯ್ತು, ಚಿರತೆ ಆಯ್ತು. ನಕುರುನಲ್ಲಿ ಖಡ್ಗಮೃಗ ಆಯ್ತು. ಈ ಹಾಳು ಗಿಡುಗ ಒಂದು ಸಿಕ್ಕಿಬಿಟ್ರೆ ನಾನು ಮನೆ ಮುಖ ನೋಡ್ತೀನಿ ಕಣೋ ತಮ್ಮ."

ಹೆಂಡತಿ ಸೆರಗಿನಂಥ ಬಟ್ಟೆಯಿಂದ ಮೂಗು ಮುಚ್ಚಿಕೊಂಡಳು. ಒದೆರಾ ಮೀನಿನ ಬುಟ್ಟಿಯನ್ನು ಹಿಂದಕ್ಕೆ ಸರಿಸಿದ.

"ಇವ್ರು ಮೀನು, ಮಾಂಸ, ಮೊಟ್ಟೆ ಏನೂ ಮುಟ್ಟಲ್ಲ. ಜೀವ ಹೋಗ್ತದಲ್ಲ, ಪಾಪ ಅಂತೆ."

"ಗಿಡುಗ ಮೀನು ತಿನ್ಬೋದಾ?"

"ಗಿಡುಗಕ್ಕೆ ಪಾಪ ಇಲ್ವಂತೆ."

ಮೂಡಲ ದಂಡೆಯಲ್ಲಿ ಎಂಜಿನ್ ನಿಲ್ಲಿಸಿ ಪರ್ಸಲೋಯ್ ಸಿಳ್ಳೆ ಹಾಕಿದ. ಬೋಳು ಮರದ ತುದಿಯಲ್ಲಿ ಬಿಳಿತಲೆಯ ಗಿಡುಗ ಕತ್ತು ತಿರುಗಿಸಿತು. ಮೀನು ಎಸೆದ. ಗಿಡುಗ ಬಂತು, ಉಗುರು ನೀರು ಸೀಳಿತು, ಹೋಯಿತು. ಇನ್ನೊಂದು ಸಲ ಬೇಕೆಂದ ಗಂಡ. ಬಿಸಿಲು ಕಣ್ಣಿಗೆ ಹೊಡೆದಿತ್ತಂತೆ. ಪರ್ಸಲೋಯ್ ಎಸೆದ. ಅವನ ಕಣ್ಣು ಗಿಡುಗದ ಮೇಲಿರಲಿಲ್ಲ. ಜೊಂಡಿನ ಬುಡಬುಡವನ್ನೂ ಸೋಸುತ್ತಿತ್ತು. ಅಲ್ಲೊಂದು ಕೊರಡು. ಅಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಆಚೆಯ ಮಣ್ಣುದಿಬ್ಬದ ಮೇಲೆ ಎರಡು ಮೊಸಳೆಗಳು ಬಾಯಿ ತೆರೆದು ಮಲಗಿದ್ದವು.

ಮೊದಲು ಕಂಡದ್ದು ಕ್ಯಾಮೆರಾದವನಿಗೆ. ಅವನು ಗಿಡುಗವನ್ನು ಬಿಟ್ಟು ಜೊಂಡಿನ ಕಡೆಗೆ ತಿರುಗಿದ. ಕ್ಯಾಮೆರಾ ಕಟಕಟ ಸದ್ದು ಮಾಡತೊಡಗಿತು. ಏನೋ ಕೇಳಿದ. ಒದೆರಾ ಕನ್ನಡಕ ಹಾಕಿಕೊಂಡು ಇಣುಕಿದ.

"ಅದೇನು ಪ್ರಾಣಿ ಅಂತ ಕೇಳ್ತಾವ್ರೆ."

ಪರ್ಸಲೋಯ್ ನೋಡಿದ. ಊದಿದ ಬೆನ್ನು. ಬೆನ್ನಿಗೆ ಅಂಟಿದ ಕೆಂಪು ಚೌಕಳಿ ಬಟ್ಟೆ. ಆ ಬಟ್ಟೆಯ ಅಂಚನ್ನು ಹೊಲಿದವಳು ನಸಿಯೆಕು.

"ಪ್ರಾಣಿ ಅಲ್ಲ. ನಮ್ಮಣ್ಣ," ಎಂದ.

ಒದೆರಾ ಗಂಡನಿಗೆ ಮೆಲ್ಲಗೆ ತಿಳಿಸಿದ. ಕಟಕಟ ನಿಂತಿತು.

"ದೋಣಿ ತಿರುಗ್ಸು, ಬೇಗ ತಿರುಗ್ಸು," ಒದೆರಾ ದನಿ ತಗ್ಗಿಸಿ ಹೇಳಿದ. "ಆಯಮ್ಮ ನೋಡ್ದಂಗೆ ತಿರುಗ್ಸು. ಇವ್ರನ್ನ ಇಳಿಸಿ ಆಮೇಲೆ ಬಾರಯ್ಯ."

"ಆಮೇಲೆ ಬಂದ್ರೆ ಅವು ಏನು ಉಳಿಸಿರ್ತವೆ?" ಪರ್ಸಲೋಯ್ ದಿಬ್ಬದ ಕಡೆ ಗದ್ದ ಎತ್ತಿ ತೋರಿಸಿದ.

ಎಂಜಿನ್ನಿನ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿದ. ನೀರು ಎದೆಯ ಮಟ್ಟ. ಜೊಂಡು ತಳ್ಳಿಕೊಂಡು ಹೋಗಿ ಅಣ್ಣನ ಕಂಕುಳಿಗೆ ಕೈ ಹಾಕಿದ. ಮುಖ ತಿರುಗಿತು. ಮುಖ ಅಣ್ಣನದೇ ಆಗಿತ್ತು, ಅರ್ಧ. ಹೊಟ್ಟೆಯ ಕಡೆ ಅವನು ನೋಡಲಿಲ್ಲ. ಕೂಸನ್ನು ನಡೆಸುವವನಂತೆ ಹಿಂದಕ್ಕೆ ಹೆಜ್ಜೆ ಇಡುತ್ತ ದೋಣಿಯ ಪಕ್ಕಕ್ಕೆ ತಂದ.

"ಒದೆರಾ ಅಣ್ಣ, ಒಂದು ಕೈ ಹಿಡಿ. ಮೇಲಕ್ಕೆತ್ತಾಣ."

ಹೆಂಡತಿ ಚೀರಿದಳು. ದೋಣಿಯ ಮೂತಿಯವರೆಗೂ ಸರಿದು, ಊಟದ ಡಬ್ಬಿಗಳನ್ನು ಅವಚಿಕೊಂಡು ಕೂತಳು. ಗಂಡ ಒದೆರಾನ ತೋಳು ಹಿಡಿದು ಗಟ್ಟಿಯಾಗಿ, ಬೆರಳು ಆಡಿಸಿ ಏನೇನೋ ಹೇಳಿದ.

"ಹೆಣ ಹತ್ತಿದ ದೋಣೀಲಿ ಕೂರಲ್ವಂತೆ ಕಣೋ. ಮೈಲಿಗೆ ಅಂತೆ. ಅವ್ರ ಊಟ ಇದೆ, ದೇವರ ಪ್ರಸಾದ ಇದೆಯಂತೆ ಚೀಲದಲ್ಲಿ."

"ಹಂಗಾದ್ರೆ ಇಳ್ದು ನಡೀಲಿ."

"ಹುಚ್ಚು ಸೂಳೆಮಗನೆ, ನನ್ನ ಹೊಟ್ಟೆಗೂ ಕಲ್ಲು ಹಾಕ್ಬೇಡ!" ಒದೆರಾ ಫೋನ್ ತೆಗೆದು ಗಿತೋಂಗಾಗೆ ಹಚ್ಚಿದ. ಫೋನಿನೊಳಗಿಂದ ಬೈಗುಳ ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ದನಿ ತಗ್ಗಿತು. ಒದೆರಾ ಗಂಡನ ಹತ್ತಿರ ಮಾತಾಡಿದ, ಗಂಡ ಹೆಂಡತಿಯ ಹತ್ತಿರ ಮಾತಾಡಿದ. ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

ಇಷ್ಟು ಹೊತ್ತೂ ಪರ್ಸಲೋಯ್ ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದರಲ್ಲಿ ಅಣ್ಣನನ್ನು ಹಿಡಿದು ನಿಂತಿದ್ದ. ಅಣ್ಣ ತುಂಬ ಹಗುರವಾಗಿದ್ದ. ದಿಬ್ಬದ ಕಡೆ ನೋಡಿದ. ಎರಡರಲ್ಲಿ ಒಂದು ಮೊಸಳೆ ಈಗ ಅಲ್ಲಿರಲಿಲ್ಲ.

ಒದೆರಾ ಸೀಟಿನಡಿಯಿಂದ ಒಂದು ನೈಲಾನ್ ಹಗ್ಗ ಎಳೆದ.

"ತಗೋ, ಒಪ್ಪಿದ್ರು. ಕಾಲಿಗೆ ಕಟ್ಟು. ಹಿಂದೆ ಎಳ್ಕೊಂಡು ಹೋಗಾಣ. ಒಂದಿಪ್ಪತ್ತು ಮಾರು ದೂರ ಇರ್ಲಿ ಅಂತ ಅಷ್ಟೇ ಅಂದಿದ್ದು. ಗಿತೋಂಗಾನೂ ಹೂಂ ಅಂದ. ನಿನ್ನ ಕೆಲ್ಸಕ್ಕೂ ತೊಂದ್ರೆ ಇಲ್ಲ, ನಿಮ್ಮತ್ಗೆಗೆ ಅಡುಗೆಮನೇಲಿ ಒಂದು ಕೆಲ್ಸಾನೂ ಕೊಡ್ತಾನಂತೆ. ಇನ್ನೇನು ಬೇಕು ನಿಂಗೆ? ಬೇಗ ಹಿಡ್ಕೊಳ್ಳೋ, ಅದು ನೀರಿಗಿಳಿದದೆ!"

ಹಗ್ಗದ ತುದಿ ಪರ್ಸಲೋಯ್ ಮುಖದ ಮುಂದೆ ತೂಗಾಡಿತು.

"ಬ್ಯಾಡ," ಎಂದ. "ಅಣ್ಣ ದೋಣಿ ಹತ್ತೋ ತನಕ ಕೀಲಿ ನನ್ನ ಸೊಂಟದಲ್ಲೇ ಇರ್ತದೆ."